ತಾಮ್ರವರ್ಣದ ಮಚ್ಚೆ

ಡಾಕ್ಟರ್ ಭೀಮಾಶಂಕರ ಅವರ ಚರ್ಮರೋಗದ ದವಾಖಾನೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿತ್ತು. ಕೆಳಗೆ ಔಷಧಿ ಅಂಗಡಿ, ಮೇಲೆ ದವಾಖಾನೆ. ಸಂಘಮಿತ್ರಾ ಅಲ್ಲಿಗೆ ಚಿತ್ರ ಬರೆಯಲು ಹೋಗತೊಡಗಿದಾಗ ಅವಳಿಗೆ ಮೂವತ್ತು ದಾಟಿತ್ತು. ಶಹಾಪುರದವಳು. ತಂದೆಯ ಹೆಸರು ಶ್ರೀಮಂತ; ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಅವಳು ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಹೈದರಾಬಾದಿನಲ್ಲಿ ವೈದ್ಯಕೀಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಮಾಡಿದ್ದಳು. ಎಲುಬು, ನರ, ಹೃದಯದ ಕವಾಟ, ಕಿವಿಯೊಳಗಿನ ಸುರುಳಿ ಎಲ್ಲವೂ ಕೈಗೆ ಹತ್ತಿದ್ದವು. ತಾಯಿಗೆ ಆರಾಮ ತಪ್ಪಿದ ಮೇಲೆ ಊರಿಗೆ ಮರಳಿ, ಮನೆಯಿಂದಲೇ ಆ ಕೆಲಸ ಮುಂದುವರಿಸಿದ್ದಳು.

ಡಾಕ್ಟರು ಅವಳನ್ನು ಕರೆಸಿದ್ದು ಒಂದು ಕೈಪಿಡಿಗಾಗಿ. ಮೊದಲ ದಿನ ಅವರು ಮೇಜಿನ ಮೇಲೆ ದಪ್ಪನೆಯ ಪುಸ್ತಕವೊಂದನ್ನು ತೆರೆದಿಟ್ಟರು.

“ನೋಡ್ರಿ, ಎಲ್ಲಾ ಬಿಳಿ ಮಂದಿ ಚರ್ಮ. ಅವರ ಮೈಮ್ಯಾಲ ಗುಲಾಬಿ ಕಾಣೋ ರೋಗ ನಮ್ಮ ಮಂದಿ ಮೈಮ್ಯಾಲ ಹೆಂಗ ಕಾಣ್ತದ? ಇದರಾಗ ಇಲ್ಲ. ನಮ್ಮ ಆಶಾ ಕಾರ್ಯಕರ್ತೆಯರು ಹಳ್ಳ್ಯಾಗ ಏನು ನೋಡಿ ಗುರ್ತು ಹಿಡೀಬೇಕು?”

“ಫೋಟೊ ಯಾಕ ಬ್ಯಾಡ್ರಿ ಸರ್?”

“ಫೋಟೊದಾಗ ಎಲ್ಲಾ ಬರ್ತದ. ಕೂದಲು, ಬೆವರು, ಟ್ಯೂಬ್‌ಲೈಟಿನ ಹೊಳಪು. ಯಾವುದನ್ನ ನೋಡಬೇಕಂತ ಅದು ಹೇಳಂಗಿಲ್ಲ. ಚಿತ್ರ ಹೇಳ್ತದ.”

ಈ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಒಪ್ಪಿಕೊಂಡಳು.

ತಪಾಸಣೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳಿಗೊಂದು ಕುರ್ಚಿ, ಹಲಗೆ ಹಾಕಿಕೊಟ್ಟರು. ಒಪ್ಪಿದ ರೋಗಿಗಳು ಮಾತ್ರ ಅವಳ ಮುಂದೆ ಕೂರುತ್ತಿದ್ದರು. ಮುಖ ಬರೆಯುವುದಿಲ್ಲ, ಹೆಸರು ಹಾಕುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳುತ್ತಿದ್ದರು. ರೋಗಿಗಳನ್ನು ಒಳಗೆ ಬಿಡುವ ಕೆಲಸ ನರ್ಸ್ ಗೌಹರಬೇಗಂ ಅವರದು. ದವಾಖಾನೆ ಶುರುವಾದಾಗಿನಿಂದ ಇದ್ದವರು. ಡಾಕ್ಟರೂ ಅವರನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದರು. ರೋಗಿ ಬಾಗಿಲು ದಾಟುವಷ್ಟರಲ್ಲಿ ಆಪಾ ಕೂಗಿ ಹೇಳುತ್ತಿದ್ದರು: “ಸಾಬ್, ಕುತ್ತಿಗಿ ಮ್ಯಾಲ ಗಂಧಿ, ಕೆಂಪು.” “ಸಾಬ್, ಬೆನ್ನ ಮ್ಯಾಲ ಮಚ್ಚಿ, ಬಿಳಿ.” ಅದು ಅವರ ರೂಢಿಯ ಗದ್ದಲ ಎಂದುಕೊಂಡು ಸಂಘಮಿತ್ರಾ ಗಮನ ಕೊಡಲಿಲ್ಲ.

ಡಾಕ್ಟರು ನೋಡುವ ರೀತಿ ಮಾತ್ರ ಅವಳ ಗಮನಕ್ಕೆ ಬಂತು. ಅವರು ಮೊದಲು ಮುಟ್ಟುತ್ತಿದ್ದರು. ಬೆರಳ ತುದಿಯನ್ನು ಚರ್ಮದ ಮೇಲೆ ನಿಧಾನವಾಗಿ ಎಳೆದು, ಟಾರ್ಚನ್ನು ಮಗ್ಗುಲಿನಿಂದ ಹಿಡಿದು, ಆಮೇಲೆ ಪ್ರಶ್ನೆಗಳ ಸರಮಾಲೆ. ಯಾವಾಗ ಬಂತು, ಕಡಿತ ಇದೆಯೇ, ಬಿಸಿಲಿಗೆ ಹೆಚ್ಚಾಗುತ್ತದೆಯೇ, ಕೆಂಪಾಗಿತ್ತೇ. ಜನ ಅವರನ್ನು ಹುಡುಕಿಕೊಂಡು ಸುರಪುರ, ಗುರುಮಠಕಲ್ ಕಡೆಯಿಂದ ಬರುತ್ತಿದ್ದರು.

ಅವಳು ಬರೆದ ಮೊದಲ ಮುಖ್ಯ ಚಿತ್ರ ದೇವಕಮ್ಮನ ಕೈಯದು. ದೇವಕಮ್ಮ ತಿಂಥಣಿಯಲ್ಲಿ ಮೌನೇಶ್ವರ ಗುಡಿಯ ಮುಂದೆ ಕಾಯಿ, ಕರ್ಪೂರ, ಹೂವು ಮಾರುವವಳು. ಎಡ ಮುಂಗೈಯ ಮೇಲೆ ಅಂಗೈಯಗಲದ ಮಚ್ಚೆಯಿತ್ತು. ಅದರ ಮೇಲೆ ಕಾದ ಎಣ್ಣೆ ಸಿಡಿದರೂ ಗೊತ್ತಾಗಿರಲಿಲ್ಲ. ಕುಷ್ಠರೋಗವೆಂದು ಗುರುತಿಸಿ ಮಾತ್ರೆ ಶುರು ಮಾಡಿದ್ದರು. ವಾಸಿಯಾಗುವ ರೋಗ, ಹೆದರುವಂಥದ್ದಲ್ಲ ಎಂದು ಹೇಳಿದ್ದನ್ನು ದೇವಕಮ್ಮ ನಂಬಿದ್ದಳು.

ಅವಳು ಕೂತ ಕಡೆ ಕೂರದೆ ಮಾತಾಡುತ್ತಲೇ ಇದ್ದಳು. ಸಂಘಮಿತ್ರಾ ಮಧ್ಯಾಹ್ನದವರೆಗೆ ಬರೆದಳು. ಕಂದು ಚರ್ಮ, ಅದರ ನಡುವೆ ಮಾಸಿದ ತಾಮ್ರದ ಬಣ್ಣ, ಒಣಗಿದ ಹೊಳಪು, ಉದುರಿದ ರೋಮ. ಮುಗಿದಾಗ ಚಿತ್ರದ ಬಣ್ಣ ಕೈಯ ಬಣ್ಣಕ್ಕೆ ಸರಿಯಾಗಿ ಹೊಂದಿತ್ತು. ಡಾಕ್ಟರು ಬಂದು ಚಿತ್ರವನ್ನೂ ಕೈಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು.

“ಇದು ಸಪಾಟ ಆಗ್ಯದಲ್ರಿ.”

“ಹೆಂಗ ಕಾಣ್ತದ ಹಂಗೇ ಬರದೀನಿ ಸರ್.”

“ಅಂಚು ಎದ್ದದ, ಉಂಗುರದಂಗ. ನಡುವ ತಗ್ಗು. ಈ ರೋಗದಾಗ ಅದೇ ಮುಖ್ಯ. ಇದನ್ನ ನೋಡಿದಾಕಿ ಚಿಬ್ಬು ಅಂತ ತಿಳಕೊಂಡು ಬಿಟ್ಟುಬಿಡ್ತಾಳ.”

ಸಂಘಮಿತ್ರಾ ಮತ್ತೆ ನೋಡಿದಳು. ಬಣ್ಣ ಬದಲಾಗುವ ಗೆರೆ ಕಂಡಿತು. ಎತ್ತರ ಕಾಣಲಿಲ್ಲ.

“ಮುಟ್ರಿ ಅಕ್ಕಾ,” ಎಂದಳು ದೇವಕಮ್ಮ ನಗುತ್ತ. “ನನಗಂತೂ ಮುಟ್ಟಿದ್ದು ಗೊತ್ತಾಗಂಗಿಲ್ಲ.”

ಬೆರಳಿಗೆ ಅಂಚು ಸಿಕ್ಕಿತು. ಸ್ಟೀಲ್ ತಟ್ಟೆಯ ಕಂಠದಷ್ಟು ಸ್ಪಷ್ಟವಾಗಿತ್ತು. ಡಾಕ್ಟರು ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಒಂದು ಬಾಗಿಲನ್ನು ಮುಚ್ಚಿದರು. ಮಗ್ಗುಲಿನಿಂದ ಬೆಳಕು ಬಿದ್ದ ಕೂಡಲೇ ಮಚ್ಚೆಯ ಸುತ್ತ ಎಳೆಯಷ್ಟು ನೆರಳು ಮೂಡಿತು.

ದೇವಕಮ್ಮ ಹೋದ ಮೇಲೆ ಅವರು ಕೇಳಿದರು, “ನಿಮಗ ಸಣ್ಣಾಕಿದ್ದಾಗ ಮಾಲಗಣ್ಣಿತ್ತೇನು?”

ಇತ್ತು. ಹತ್ತನೆಯ ವಯಸ್ಸಿಗೆ ಆಪರೇಷನ್ ಮಾಡಿ ಕಣ್ಣುಗಳನ್ನು ನೇರ ಮಾಡಿದ್ದರು. ಆದರೆ ಎರಡು ಕಣ್ಣುಗಳ ಚಿತ್ರ ಮಿದುಳಿನಲ್ಲಿ ಒಂದಾಗುವುದನ್ನು ಕಲಿಯಲಿಲ್ಲ. ಅವಳು ಒಂದು ಸಲಕ್ಕೆ ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ಕಾಲೇಜಿನಲ್ಲಿ ಉಳಿದವರಿಗೆ ಒಂದು ಕಣ್ಣು ಮುಚ್ಚಿ ಅಳತೆ ಹಿಡಿಯಲು ಹೇಳಿಕೊಡುತ್ತಿದ್ದಾಗ, ಇವಳಿಗೆ ಮುಚ್ಚುವ ಅಗತ್ಯವೇ ಬರುತ್ತಿರಲಿಲ್ಲ. ಜಗತ್ತು ಆಗಲೇ ಹಾಳೆಯಂತೆ ಚಪ್ಪಟೆಯಾಗಿ ಕಾಣುತ್ತಿದ್ದುದರಿಂದ ಅದನ್ನು ಹಾಳೆಗಿಳಿಸುವುದು ಸುಲಭವಾಗಿತ್ತು. ಅದನ್ನು ಅವಳು ಕೊರತೆ ಎಂದುಕೊಂಡಿರಲೇ ಇಲ್ಲ.

“ಇನ್ನ ಮ್ಯಾಲ ಒಂದೇ ಕಡಿಂದ ಬೆಳಕು ಬಿಟ್ಟು ಬರೀರಿ,” ಎಂದರು ಡಾಕ್ಟರು. “ನೆರಳು ಹೇಳಿಕೊಡ್ತದ.”

ಅವಳಿಗೆ ನೋವಾಯಿತು. ಹೈದರಾಬಾದಿನ ಆಫೀಸಿನಲ್ಲಿ ಅವಳ ಕಣ್ಣಿನಷ್ಟು ಚುರುಕು ಯಾರದೂ ಇಲ್ಲ ಎನ್ನುತ್ತಿದ್ದರು. ಆದರೂ ಹಾಳೆ ಬದಲಿಸಿ, ಮುಂದಿನ ವಾರ ದೇವಕಮ್ಮನನ್ನು ಕೂರಿಸಿಕೊಂಡು ಮತ್ತೆ ಬರೆದಳು. ಈ ಸಲ ಅಂಚು ಎದ್ದು ನಿಂತಿತ್ತು.

ಚಳಿಗಾಲ ಕಳೆಯುವಷ್ಟರಲ್ಲಿ ಕೈಪಿಡಿಯ ಅರ್ಧ ಚಿತ್ರಗಳು ಮುಗಿದವು. ಕಂದು ಚರ್ಮವನ್ನು ಬರೆಯುವಾಗ ಅವಳು ಕೆಳಗೆ ಹಸಿರು ಮಣ್ಣಿನ ಬಣ್ಣದ ಪದರ ಹಾಕುತ್ತಿದ್ದಳು. ಮೇಲೆ ಕಂದು, ಕೆಂಪು ತೆಳುವಾಗಿ ಹಚ್ಚಿದಾಗ ಚರ್ಮಕ್ಕೆ ಜೀವ ಬರುತ್ತದೆ. ಒಂದು ಸಂಜೆ ಶಹಾಪುರದ ಬಸ್ಸಿಗೆ ಹೊತ್ತಾಯಿತೆಂದು ಒಂದು ಚಿತ್ರವನ್ನು ಅರ್ಧಕ್ಕೆ ಬಿಟ್ಟು ಹೋದಳು. ಸುತ್ತಲಿನ ಚರ್ಮ ಪೂರ್ತಿಯಾಗಿತ್ತು. ನಡುವಿನ ಮಚ್ಚೆ ಮಾತ್ರ ಇನ್ನೂ ಹಸಿರು ಪದರದಲ್ಲೇ, ಕಲ್ಲಿನ ಮೇಲಿನ ಹಳೆಯ ಪಾಚಿಯ ಬಣ್ಣದಲ್ಲಿತ್ತು.

ಮರುದಿನ ಬೆಳಗ್ಗೆ ಡಾಕ್ಟರು ತಾವಾಗಿಯೇ ಹೇಳಿದರು. “ನಿನ್ನಿದು ಭಾಳ ಚಲೋ ಬಂದದ. ತಾಮ್ರದ ಬಣ್ಣ ಅಂದ್ರ ಅದೇ. ಪ್ರೆಸ್ಸಿಗೆ ಕಳಿಸಿಬಿಡ್ರಿ.”

ಡಾಕ್ಟರು ಚೇಷ್ಟೆ ಮಾಡುವವರಲ್ಲ. ಅವಳು ಹಾಳೆಯನ್ನೂ ಅವರನ್ನೂ ನೋಡಿದಳು.

“ಇನ್ನೊಂದು ಪದರ ಬಾಕಿ ಅದ ಸರ್.”

“ಇನ್ನ ಯಾಕ? ಮುಟ್ಟಿದ್ರ ಕೆಡ್ತದ.”

ಅವಳು ಹಾಳೆಯನ್ನು ಮನೆಗೆ ಒಯ್ದು ಕೆಂಪು ಹಚ್ಚಿ ಮುಗಿಸಿದಳು. ಮರಳಿ ತಂದು ತೋರಿಸಿದಾಗ ಡಾಕ್ಟರು, “ನಾ ಹೇಳಿದ್ದೆನಲ್ಲ, ಮೊದಲೇ ಸರಿ ಇತ್ತು,” ಎಂದರು. ಎರಡಕ್ಕೂ ಅವರಿಗೆ ವ್ಯತ್ಯಾಸ ಕಂಡಿರಲಿಲ್ಲ.

ಅಂದು ಸಂಜೆ ಬಸ್ಸು ಭೀಮಾ ನದಿಯ ಸೇತುವೆ ದಾಟಿ ಶಹಾಪುರ ಸಮೀಪಿಸುವಾಗ ಪಕ್ಕದ ಸೀಟಿನಲ್ಲಿದ್ದ ಹೊರಗಿನವನೊಬ್ಬನಿಗೆ ಯಾರೋ ಬೆಟ್ಟ ತೋರಿಸುತ್ತಿದ್ದರು. ಅಲ್ಲಿ ತಲೆ, ಅಲ್ಲಿ ಎದೆ, ಬುದ್ಧ ಮಲಗಿದ್ದಾನೆ ನೋಡ್ರಿ. ಆ ಮನುಷ್ಯ ಕಲ್ಲುಗಳನ್ನಷ್ಟೇ ನೋಡುತ್ತಿದ್ದ; ಒಮ್ಮೆಲೇ ಹೌದು ಹೌದು ಎಂದು ಎದ್ದು ನಿಂತ. ಸಂಘಮಿತ್ರಾ ಡಾಕ್ಟರ ವಿಷಯವನ್ನೇ ಯೋಚಿಸುತ್ತಿದ್ದಳು. ಗೌಹರಬೇಗಂ ಬಾಗಿಲಲ್ಲಿ ಕೂಗಿ ಬಣ್ಣ ಹೇಳುವುದು, ಡಾಕ್ಟರು ಪ್ರತಿಯೊಬ್ಬರನ್ನೂ ಕೆಂಪಾಗಿತ್ತೇ ಎಂದು ಕೇಳುವುದು, ಎಲ್ಲವೂ ಈಗ ಕೂಡಿಬಂದವು.

ಕೆಲವು ದಿನಗಳ ನಂತರ ಒಬ್ಬರೇ ಸಿಕ್ಕಾಗ ಅವಳು ಗೌಹರಬೇಗಂ ಅವರನ್ನು ಕೇಳಿದಳು. “ಆಪಾ, ಸಾಹೇಬ್ರಿಗೆ ಬಣ್ಣ...”

ಅವರು ಹತ್ತಿ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ. “ಬೇಟಾ, ನೀ ಚಿತ್ರ ಬರಿ.”

ಅವಳು ಚಿತ್ರ ಬರೆದಳು. ಡಾಕ್ಟರಿಗೆ ಏನನ್ನೂ ಹೇಳಲಿಲ್ಲ. ಅವರ ರೋಗಿಗಳು ಗುಣವಾಗುತ್ತಿದ್ದರು. ರೋಗದ ವಿಷಯ ಅವಳಿಗೆ ತಿಳಿಯದು. ಅವಳ ಕಣ್ಣಿನ ದೋಷವನ್ನು ಅವರು ಎದುರಿಗೇ ಕೇಳಿದ್ದರು. ಅವರದನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಬೇಸಿಗೆ ಶುರುವಾದಾಗ ಗೌಹರಬೇಗಂ ತಂಗಿಯ ಮಗಳ ಮದುವೆಗೆ ರಜೆ ಹಾಕಿ ಹೋದರು. ಬಾಗಿಲಲ್ಲಿ ಔಷಧಿ ಅಂಗಡಿಯಿಂದ ಬಂದವರೊಬ್ಬರು ಹೆಸರು ಮಾತ್ರ ಕರೆಯುತ್ತಿದ್ದರು. ಕೋಣೆಯಲ್ಲಿ ಜನ ತುಂಬಿದ್ದರು. ದೇವಕಮ್ಮ ತಿಂಗಳ ಮಾತ್ರೆಗೆ ಬಂದಳು. ಯಾವಾಗಲೂ ಮಾತಾಡುವವಳು ಅಂದು ಸುಮ್ಮನಿದ್ದಳು.

“ಮೈ ಭಾರ ಆಗ್ಯದ್ರಿ ಸಾಹೇಬ್ರ. ಕೆಲಸ ಮಾಡಾಕ ಮನಸ್ಸಿಲ್ಲ.”

ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿ, ಮಚ್ಚೆಯ ಮೇಲೆ ಬೆರಳಾಡಿಸಿದರು. ಅಂಚು ಮೊದಲಿನಂತೆಯೇ ಇತ್ತು. “ರಕ್ತ ಕಡಿಮಿ ಆಗ್ಯದ. ಬಿಸಿಲಾಗ ಕೂಡಬ್ಯಾಡ. ಈ ಮಾತ್ರಿ ಬರದೀನಿ.”

ಸಂಘಮಿತ್ರಾಳ ಹಲಗೆಯ ಮೇಲೆ ದೇವಕಮ್ಮನ ಕೈಯ ಚಿತ್ರ ಇತ್ತು, ಹಿನ್ನೆಲೆ ತಿದ್ದಲೆಂದು ತೆಗೆದಿಟ್ಟದ್ದು. ಚಿತ್ರದ ಮಚ್ಚೆ ಮಾಸಿದ ತಾಮ್ರ. ಎದುರಿಗಿದ್ದ ಕೈಯ ಮಚ್ಚೆ ನೀರು ಬಿದ್ದ ಇಟ್ಟಿಗೆಯಂತೆ ಕೆಂಪಗಿತ್ತು. ತಾನೇ ತಪ್ಪು ಬಣ್ಣ ಹಚ್ಚಿದ್ದೆನೇ ಎಂದು ಮೊದಲು ಅನುಮಾನಿಸಿದಳು. ಒಮ್ಮೆ ಸಪಾಟಾಗಿ ಬರೆದವಳು ಇನ್ನೊಮ್ಮೆ ಮಾಸಲಾಗಿ ಬರೆದಿರಬಹುದು. ಅಷ್ಟರಲ್ಲಿ ದೇವಕಮ್ಮ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಸರ್, ಆ ಮಚ್ಚಿ ಕೆಂಪಗಾಗ್ಯದ.”

ಕೋಣೆಯಲ್ಲಿದ್ದವರೆಲ್ಲ ಸಂಘಮಿತ್ರಾಳತ್ತ ನೋಡಿದರು. ಡಾಕ್ಟರು ತಿರುಗಲಿಲ್ಲ.

“ಎಷ್ಟು?”

“ಭಾಳ. ನಾ ಬರದಾಗ ಹಿಂಗಿರಲಿಲ್ಲ.”

ಡಾಕ್ಟರು ದೇವಕಮ್ಮನನ್ನು ಮತ್ತೆ ಕೂರಿಸಿದರು. ತಮ್ಮ ಬೆರಳ ಹಿಂಭಾಗವನ್ನು ಮಚ್ಚೆಗೆ, ಆಮೇಲೆ ಪಕ್ಕದ ಚರ್ಮಕ್ಕೆ ಇಟ್ಟು ಬಿಸಿ ನೋಡಿದರು. ಮೊಣಕೈಯ ಹಿಂದೆ, ಒಳಗಡೆಯ ಎಲುಬಿನ ಸಂದಿಯಲ್ಲಿ ಹೆಬ್ಬೆರಳಿಂದ ಒತ್ತಿದರು. ದೇವಕಮ್ಮ ಅವ್ವಾ ಎಂದು ಕಿರುಚಿ ಕೈ ಎಳೆದುಕೊಂಡಳು. ಆಮೇಲೆ ಒಂದು ಕಾಗದವನ್ನು ಅವಳ ಕಿರುಬೆರಳು, ಉಂಗುರಬೆರಳುಗಳ ನಡುವೆ ಇಟ್ಟು ಬಿಗಿಯಾಗಿ ಹಿಡಿ ಎಂದರು. ಎಳೆದಾಗ ಕಾಗದ ತಡೆಯಿಲ್ಲದೆ ಹೊರಬಂತು.

“ಹೂವು ಕಟ್ಟಾಕ ಬರ್ತದೇನು?”

“ಎಂಟು ದಿನಾಯ್ತು, ಎಳಿ ಜಾರ್ತಾವ್ರಿ. ಕಣ್ಣು ಮಂದಾಗ್ಯಾವ ಅಂತ ತಿಳಕೊಂಡಿದ್ದೆ.”

ಡಾಕ್ಟರು ಅವಳಿಗೆ ವಿವರಿಸಿದರು. ಮಾತ್ರೆಯಿಂದ ಸತ್ತ ಕ್ರಿಮಿಗಳ ಮೇಲೆ ಮೈ ತಾನಾಗಿಯೇ ಜಗಳಕ್ಕೆ ಬಿದ್ದಿದೆ. ಆ ಜಗಳದಲ್ಲಿ ನರ ಬಾತಿದೆ. ಹಾಗೇ ಬಿಟ್ಟರೆ ಬೆರಳು ಮಡಚಿಕೊಂಡು ಹೋಗುತ್ತವೆ. ಬಾವು ಇಳಿಸುವ ಮಾತ್ರೆಯನ್ನು ಅಂದೇ ಶುರು ಮಾಡಿ, ಕೈಗೆ ಪಟ್ಟಿ ಕಟ್ಟಿ, ವಾರವಾರ ಬರಲು ಹೇಳಿ ಕಳಿಸಿದರು. ಉಳಿದ ರೋಗಿಗಳನ್ನೂ ನೋಡಿ ಮುಗಿಸಿದರು. ಮಧ್ಯಾಹ್ನ ಕೋಣೆ ಖಾಲಿಯಾದಾಗ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

“ನಿಮಗ ಯಾವಾಗ ಗೊತ್ತಾತು?”

“ಆ ಹಸಿರು ಬಣ್ಣದ ಚಿತ್ರ ಪಾಸು ಮಾಡಿದ್ರಲ್ಲ ಸರ್, ಅವತ್ತು.”

“ಹಸಿರಿತ್ತೇನು ಅದು?” ಅವರು ಟಾರ್ಚನ್ನು ಮೇಜಿನ ಮೇಲಿಟ್ಟರು. “ಯಾಕ ಹೇಳಲಿಲ್ಲ?”

“ನೀವ್ಯಾಕ ಹೇಳಲಿಲ್ಲ ಸರ್?”

ಅವರಿಗೆ ಸಿಟ್ಟು ಬಂದಂತೆ ಕಂಡಿತು. ಆದರೆ ಮಾತಾಡಿದಾಗ ದನಿ ಏರಿರಲಿಲ್ಲ. “ನಮ್ಮೂರು ಬಳಿಚಕ್ರ. ನಮ್ಮಪ್ಪ ಸಾಬಣ್ಣಂದು ಕುರಿ ಹಿಂಡು. ನಮ್ಮ ಕುರಿಗೆ ಕೆಂಪು ಗುರ್ತು, ದೊಡ್ಡಪ್ಪನ ಕುರಿಗೆ ಹಸಿರು. ಎರಡೂ ಕೂಡಿದ್ರ ಬ್ಯಾರೆ ಮಾಡಾಕ ನನ್ನ ಕಳಿಸ್ತಿದ್ರು. ನನಗ ಎರಡೂ ಗುರ್ತು ಒಂದೇ. ಹೊಡತ ತಿಂದೆ. ಆಮ್ಯಾಲ ಮಾರಿ ನೋಡಿ, ನಡಿಗಿ ನೋಡಿ ಒಂದೊಂದು ಕುರಿನೂ ಗುರ್ತು ಹಿಡಿಯಾಕ ಕಲತೆ. ಮುಂದ ಯಾರೂ ಹೊಡಿಲಿಲ್ಲ. ಕಾಲೇಜಿನಾಗೂ ಯಾರೂ ಕೇಳಲಿಲ್ಲ. ಚರ್ಮ ಅಂದ್ರ ಮುಟ್ಟಿ ತಿಳಕೊಳ್ಳೋ ವಿದ್ಯಾ ಅಂತ ಇದನ್ನ ಆರಿಸಿಕೊಂಡೆ. ತಪ್ಪಿಲ್ಲ ಅದು. ಅರ್ಧ ಖರೆ.”

ಅವರು ಎದ್ದು ಕಿಟಕಿ ಮುಚ್ಚಿದರು. ಆಮೇಲೆ, “ಕೆಲವು ದಿನ ಬರಬ್ಯಾಡ್ರಿ. ನಾನೇ ಫೋನ್ ಮಾಡ್ತೀನಿ,” ಎಂದರು.

ಸಂಘಮಿತ್ರಾ ಬ್ರಷ್‌ಗಳನ್ನು ತೊಳೆದು, ಚಿತ್ರಗಳನ್ನು ಕಪಾಟಿನಲ್ಲಿಟ್ಟು ಹೊರಟಳು. ಕೆಲಸ ಹೋಯಿತೆಂದುಕೊಂಡಳು. ಹೈದರಾಬಾದಿನವರು ಮೊಣಕಾಲಿನ ಕೀಲಿನ ಚಿತ್ರ ಕೇಳಿದ್ದರು. ಅದನ್ನು ಬರೆಯುತ್ತ ಕೂತಳು. ತಂದೆ ಒಂದು ದಿನ, “ಯಾದಗಿರಿ ಕೆಲಸ ಮುಗೀತೇನವ್ವ?” ಎಂದು ಕೇಳಿದರು. “ಗೊತ್ತಿಲ್ಲಪ್ಪ,” ಎಂದಳು.

ಫೋನ್ ಬಂದದ್ದು ಮೊದಲ ಮಳೆಯ ನಂತರ. ಡಾಕ್ಟರು ಒಂದು ವಿಚಿತ್ರ ಕೆಲಸ ಹೇಳಿದರು. ಮೊಣಕಾಲ ಕೆಳಗೆ, ಹೊರಮಗ್ಗುಲಿಗೆ ಒಂದು ಮಚ್ಚೆ. ಅದನ್ನು ಎರಡು ಹಾಳೆಗಳ ಮೇಲೆ ಬರೆಯಬೇಕು. ಒಂದರಲ್ಲಿ ಮಾಮೂಲಿ ಬಣ್ಣ. ಇನ್ನೊಂದರಲ್ಲಿ ದೇವಕಮ್ಮನಿಗೆ ಆದಂಥ ಕೆಂಪು. ಬೇರೆ ಏನೂ ವ್ಯತ್ಯಾಸ ಇರಬಾರದು.

ಭಾನುವಾರ ಬೆಳಗ್ಗೆ ಅವರು ಕಾರಿನಲ್ಲಿ ಶಹಾಪುರಕ್ಕೆ ಬಂದರು. ಜೊತೆಗೆ ಗೌಹರಬೇಗಂ ಇದ್ದರು. ಸುರಪುರದ ದಾರಿಯಲ್ಲಿ ಡಾಕ್ಟರು ಹೇಳಿದರು: ಸುರಪುರದಲ್ಲಿ ಮರಿಲಿಂಗ ಎಂಬವನಿದ್ದಾನೆ. ಶಹಾಪುರದ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಇದೇ ರೋಗಕ್ಕೆ ಅವರ ಹತ್ತಿರ ಬಂದಿದ್ದ. ಒಂದು ಸಲ ನೋಡಿ ಎಲ್ಲ ಸರಿ ಇದೆ ಎಂದು ಕಳಿಸಿದ ಮೇಲೆ, ಮುಂದಿನ ಸಲ ಬಂದಾಗ ಅವನ ಬಲ ಪಾದ ಜೋತುಬಿದ್ದಿತ್ತು. ಆಗ ಅದು ರೋಗದ ಸ್ವಭಾವ, ಒಮ್ಮೊಮ್ಮೆ ಹಾಗಾಗುತ್ತದೆ ಎಂದು ತಿಳಿದಿದ್ದರು.

“ಆ ವರ್ಷ ನಾ ಉಮ್ರಾ ಮಾಡಾಕ ಮೆಕ್ಕಾಕ್ಕ ಹೋಗಿದ್ದೆ,” ಎಂದರು ಗೌಹರಬೇಗಂ, ಕಿಟಕಿಯಿಂದ ಹೊರಗೆ ನೋಡುತ್ತ. ಕಾಲುವೆಯ ಎರಡೂ ಕಡೆ ನಾಟಿಗೆ ಗದ್ದೆ ಹದ ಮಾಡುತ್ತಿದ್ದರು.

ಮರಿಲಿಂಗನ ಮನೆ ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಮುಂದುಗಡೆ ಸಣ್ಣ ಕಿರಾಣಿ ಡಬ್ಬಿ ಅಂಗಡಿ ಇಟ್ಟುಕೊಂಡಿದ್ದರು. ಹಮಾಲಿ ಬಿಟ್ಟ ಮೇಲೆ ಅದೇ ಅವನ ದುಡಿಮೆ. ಡಾಕ್ಟರು ಬಂದದ್ದನ್ನು ಕಂಡು ಅವನು ಎದ್ದು ನಿಂತ. ಬಲ ಪಾದ ನೆಲಕ್ಕೆ ಎಳೆಯುತ್ತಿತ್ತು. ಪ್ರತಿ ಹೆಜ್ಜೆಗೂ ಮೊಣಕಾಲನ್ನು ಎತ್ತರಕ್ಕೆ ಎತ್ತಿ ಇಡುತ್ತಿದ್ದ. ಹೆಂಡತಿ ಲಾಲಮ್ಮ ಒಳಗಿಂದ ಚಾಪೆ ತಂದು ಹಾಸಿದಳು.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ತಮಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದರು. ನರಕ್ಕೆ ಬಾವು ಬರುವಾಗ ಮಚ್ಚೆ ಕೆಂಪಾಗುತ್ತದೆ ಎಂದರು. “ನಾ ಎಲ್ಲಾ ಸರಿ ಅದ ಅಂತ ಕಳಿಸಿದ್ದೆ ನೋಡ್ರಿ, ಆವಾಗ ಕಾಲಿನ ಮಚ್ಚಿ ಹೆಂಗಿತ್ತು? ನೆನಪದ ಏನು?”

ಸಂಘಮಿತ್ರಾ ಎರಡೂ ಹಾಳೆಗಳನ್ನು ಚಾಪೆಯ ಮೇಲಿಟ್ಟಳು. ಲಾಲಮ್ಮ ಬಗ್ಗಿ ನೋಡಿದಳು. ಒಂದರ ಮೇಲೆ ಬೆರಳಿಟ್ಟಳು. “ಇದು.” ತಕ್ಷಣ ತೆಗೆದಳು. “ಅಲ್ಲ, ಇದು ಇರಬೇಕು.” ಎರಡನ್ನೂ ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು, ಕೊನೆಗೆ ಕೆಳಗಿಟ್ಟಳು.

“ನೆನಪಿಲ್ರಿ. ನೀವು ನೋಡಾಕತ್ತೀರಿ ಅಂತ ನಾವು ನೋಡಲಿಲ್ಲ.”

ಮರಿಲಿಂಗ ಹಾಳೆಗಳನ್ನು ನೋಡಲೇ ಇಲ್ಲ. ತನ್ನ ಪಾದ ನೋಡುತ್ತಿದ್ದ. “ಹಂಗಾದ್ರ ನನ್ನ ಕಾಲು ನಿಮ್ಮ ಕಣ್ಣಿನಿಂದ ಹೋತೇನ್ರಿ ಸಾಹೇಬ್ರ?”

“ಗೊತ್ತಿಲ್ಲ,” ಎಂದರು ಡಾಕ್ಟರು. “ಹೋಗಿರಬಹುದು.”

ಗೌಹರಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲಾಲಮ್ಮ ಮಾತ್ರ ನೆಟ್ಟಗೆ ಕೂತಿದ್ದಳು.

“ಇದನ್ನ ಹೇಳಾಕ ಇಷ್ಟು ದೂರ ಬಂದ್ರೇನು? ಹೇಳಿ ನೀವು ಹಗುರಾದ್ರಿ. ನಾವೇನು ಮಾಡಬೇಕು ಈಗ?”

ಡಾಕ್ಟರು ಮರಿಲಿಂಗನ ಕಾಲಿನ ಹತ್ತಿರ ಸರಿದು ಕೂತು ಹೇಳಿದರು. ಜೋತುಬಿದ್ದ ಪಾದವನ್ನು ಎತ್ತಲು ಒಂದು ಆಪರೇಷನ್ ಇದೆ. ಚೆನ್ನಾಗಿರುವ ಸ್ನಾಯುವಿನ ಹುರಿಯನ್ನು ತಿರುಗಿಸಿ ಪಾದದ ಮೇಲ್ಭಾಗಕ್ಕೆ ಹೊಲಿಯುತ್ತಾರೆ. ಆಗಲೇ ಹೇಳಿದ್ದರು, ಆದರೆ ದೂರದ ಊರು, ಗೊತ್ತಿಲ್ಲದ ಆಸ್ಪತ್ರೆ ಎಂದು ಮರಿಲಿಂಗ ಅಂಜಿದ್ದ. “ನಾನೇ ಸಂಗಟ ಬರ್ತೀನಿ,” ಎಂದರು. “ಪೂರಾ ಮೊದಲಿನಂಗ ಆಗಂಗಿಲ್ಲ. ಆದ್ರ ಎಳಿಯೋದು ನಿಲ್ತದ.”

ಮರಿಲಿಂಗ ವಿಚಾರ ಮಾಡಿ ಹೇಳುತ್ತೇನೆ ಎಂದ. ಲಾಲಮ್ಮ ಎದ್ದು ಡಬ್ಬಿಯ ಕಡೆ ಹೋದಳು. ಅವರು ಎದ್ದು ಬಂದರು.

ಮರಳುವಾಗ ಸಂಘಮಿತ್ರಾಳ ತೊಡೆಯ ಮೇಲೆ ಎರಡೂ ಹಾಳೆಗಳಿದ್ದವು. ಲಾಲಮ್ಮ ಬೆರಳು ಸರಿಸಿದ್ದು ಅವಳ ಕಣ್ಣಿಗೆ ಕಟ್ಟಿತ್ತು. ಎರಡರ ನಡುವಿನ ವ್ಯತ್ಯಾಸ ಬರೆದವಳಿಗೆ ಸ್ಪಷ್ಟ. ಆದರೆ ಒಂದೊಂದನ್ನೇ ಬೇರೆ ಬೇರೆ ದಿನ ತೋರಿಸಿದ್ದರೆ ತನಗೂ ಹೇಳಲು ಬರುತ್ತಿತ್ತೇ ಎಂದು ಯೋಚಿಸಿದಳು. ದೇವಕಮ್ಮನ ದಿನ ಹಲಗೆಯ ಮೇಲೆ ಹಳೆಯ ಚಿತ್ರ ಇರದಿದ್ದರೆ ಅವಳಿಗೂ ಅದು ಬರೀ ಒಂದು ಮಚ್ಚೆಯಾಗಿರುತ್ತಿತ್ತು.

“ಸರ್, ಕೈಪಿಡಿಯೊಳಗ ಒಂದೊಂದು ರೋಗಕ್ಕ ಒಂದೊಂದೇ ಚಿತ್ರ ಸಾಲಂಗಿಲ್ಲ,” ಎಂದಳು. “ಮೊದಲ ಹೆಂಗಿತ್ತು, ಆಮ್ಯಾಲ ಹೆಂಗಾತು, ಎರಡೂ ಬೇಕು.”

“ಹ್ಞೂಂ. ಬೆಳಕೂ ಎರಡು ಥರ ಇರಲಿ,” ಎಂದರು ಡಾಕ್ಟರು. “ಮತ್ತ ಪ್ರತಿ ಚಿತ್ರದ ಕೆಳಗ ಎಲ್ಲಿ ಒತ್ತಬೇಕು, ಏನು ಕೇಳಬೇಕು ಅಂತ ಬರೀಬೇಕು. ಕಣ್ಣೊಂದನ್ನೇ ನಂಬಿ ಕೂಡಬಾರದು.”

ಸೋಮವಾರದಿಂದ ಅವಳು ಮತ್ತೆ ಯಾದಗಿರಿಗೆ ಹೋಗತೊಡಗಿದಳು. ಅರ್ಧ ಮುಗಿದಿದ್ದ ಕೆಲಸವನ್ನು ಬಹುಪಾಲು ಹೊಸದಾಗಿಯೇ ಮಾಡಬೇಕಾಯಿತು. ಅವಳು ಬರೆದ ಎತ್ತರ ತಗ್ಗುಗಳನ್ನು ಡಾಕ್ಟರು ತಿದ್ದಿಸುತ್ತಿದ್ದರು. ಬಣ್ಣದ ವಿಷಯದಲ್ಲಿ ಅವರು ಬಾಯಿ ಹಾಕುವುದನ್ನು ಬಿಟ್ಟರು. ಹೊಸ ರೋಗಿಗಳಿಗೆ ತಮ್ಮ ಕಣ್ಣಿನ ಬಗ್ಗೆ ಅವರೇ ಹೇಳುತ್ತಿದ್ದರು. ಕೆಲವರು ಕೇಳಿ ತಲೆಯಾಡಿಸಿದರು, ಕೆಲವರು ಬೇರೆ ಡಾಕ್ಟರ ಹತ್ತಿರ ಹೋದರು. ಬಜಾರಿನಲ್ಲಿ ಒಂದಿಷ್ಟು ದಿನ ಮಾತಾಯಿತು. ಗೌಹರಬೇಗಂ ಮೊದಲಿಗಿಂತ ದೊಡ್ಡ ದನಿಯಲ್ಲಿ ಬಣ್ಣ ಕೂಗುತ್ತಿದ್ದರು. ಅವರಿಲ್ಲದ ದಿನ ಸಂಘಮಿತ್ರಾ ಕೂಗುತ್ತಿದ್ದಳು, ಸ್ವಲ್ಪ ನಾಚಿಕೊಂಡು.

ದೇವಕಮ್ಮನ ಕೈಗೆ ಶಕ್ತಿ ಮರಳಿತು. ಮಾತ್ರೆ ತಿಂದು ಮುಖ ಬಾತುಕೊಂಡದ್ದಕ್ಕೆ ಅವಳು ಡಾಕ್ಟರ ಜೊತೆ ಜಗಳವಾಡಿದಳು. ಅದು ಇಳಿದ ಮೇಲೆ ಸುಮ್ಮನಾದಳು. ಕಿರುಬೆರಳು ಪೂರ್ತಿ ನೆಟ್ಟಗಾಗಲಿಲ್ಲ. ಹೂವು ಕಟ್ಟುವುದಕ್ಕೆ ಅಡ್ಡಿಯಿರಲಿಲ್ಲ.

ಕೈಪಿಡಿ ಅಚ್ಚಾಗಿ ಬಂದಾಗ ಸುರಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇಟ್ಟರು. ಡಾಕ್ಟರು ಒಂದು ಪುಟ ತೆರೆಸಿ, ಏನು ಕಾಣುತ್ತದೆ ಹೇಳಿರಿ ಎಂದರು. ಸುಮಲತಾ ಎಂಬ ಕಾರ್ಯಕರ್ತೆ ಮಚ್ಚೆ ಹೊಳೆಯುತ್ತಿದೆ ಎಂದಳು. ಇನ್ನೊಬ್ಬರು ಒಣಗಿದೆ ಎಂದರು. ಹಿಂದಿನ ಸಾಲಿನಿಂದ ಯಾರೋ ನನಗೇನೂ ಕಾಣಲೊಲ್ಲದು ಎಂದಾಗ ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. ಆಕೆಯನ್ನು ಮುಂದೆ ಕರೆದು ಕಿಟಕಿಯ ಹತ್ತಿರ ನಿಲ್ಲಿಸಿ ಪುಟ ಹಿಡಿದು ತೋರಿಸಿದರು.

ಅದೇ ದಿನ ತರಬೇತಿ ಮುಗಿಸಿ ಅವರು ಮರಿಲಿಂಗನ ಮನೆಗೆ ಹೋದರು. ಸಂಘಮಿತ್ರಾಳೂ ಹೋದಳು. ಚಳಿಗಾಲದಲ್ಲಿ ಅವನ ಆಪರೇಷನ್ ಆಗಿತ್ತು. ಡಾಕ್ಟರು ಹೇಳಿದಂತೆ ಜೊತೆಗೆ ಹೋಗಿ, ಪ್ಲಾಸ್ಟರ್ ಬಿಚ್ಚುವ ದಿನವೂ ಹೋಗಿದ್ದರು. ಈಗ ಮರಿಲಿಂಗ ಚಪ್ಪಲಿ ಹಾಕಿಕೊಂಡು ಓಣಿಯ ತುದಿಯವರೆಗೆ ನಡೆದು ತೋರಿಸಿದ. ಮೂಟೆ ಹೊರುವ ನಡಿಗೆಯಲ್ಲ ಅದು. ಆದರೆ ಪಾದ ಎಳೆಯುತ್ತಿರಲಿಲ್ಲ. ತಿರುಗಿ ಬಂದು, “ಹೆಂಗ್ರಿ?” ಎಂದು ಕೇಳಿದ. ಡಾಕ್ಟರು ಬಗ್ಗಿ ಅವನ ಹಿಮ್ಮಡಿ ಮುಟ್ಟಿ ನೋಡಿ, ಒಂದೆರಡು ಪ್ರಶ್ನೆ ಕೇಳಿದರು.

ಲಾಲಮ್ಮ ಡಬ್ಬಿಯ ಹಿಂದೆ ಕೂತು ಗಿರಾಕಿಗೆ ಶಾಂಪೂ ಪಾಕೀಟು ಹರಿದು ಕೊಡುತ್ತಿದ್ದಳು. ಸಂಘಮಿತ್ರಾಳನ್ನು ಕರೆದು ಮಾತಾಡಿಸಿದಳು, ಮನೆ ಮಂದಿಯ ಕ್ಷೇಮ ವಿಚಾರಿಸಿದಳು. ಡಾಕ್ಟರ ಜೊತೆ ಮಾತಾಡಲಿಲ್ಲ. ಅವರು ಹೊರಡುವಾಗ ಬರ್ತೀನ್ರಿ ಎಂದದ್ದಕ್ಕೂ ತಲೆ ಎತ್ತಲಿಲ್ಲ. ಮುಂದಿನ ತಿಂಗಳು ಡಾಕ್ಟರು ಮತ್ತೆ ಹೋದರು, ಅದರ ಮುಂದಿನ ತಿಂಗಳೂ.